ಸವಳುಮಣ್ಣಿನ ಮೇಲೆ ಒಂಬತ್ತು ದಿನದ ತೋಟ

ತೋಟ ಮಾಡುವುದಕ್ಕೆ ಮಣ್ಣು ಬೇಕು, ನೀರು ಬೇಕು, ಮಾಡುವವರಿಗೆ ಒಂದಿಷ್ಟು ಬುದ್ಧಿಯೂ ಬೇಕು. ಮೂರನೆಯದು ಇಲ್ಲದೆಯೂ ತೋಟ ಮಾಡಬಹುದೆಂದು ತೋರಿಸಿಕೊಡಲು ನಮ್ಮೂರು ಗುಳೇದಗುಡ್ಡದಲ್ಲಿ ಛಾವಣಿ ಹಸಿರು ಪ್ರಾಧಿಕಾರ ಎಂಬ ಕಚೇರಿ ತೆರೆಯಿತು. ನಾನು ಅಲ್ಲಿ ಮಣ್ಣು ಪರೀಕ್ಷಕಿ. ಹೆಸರು ನೀಲಾ. ಹದಿನಾಲ್ಕು ವರ್ಷ ಆ ಕಚೇರಿಯ ಅನ್ನ ಉಂಡಿದ್ದೇನೆ. ಹಾಗಾಗಿ ಅದನ್ನು ಬೈಯುವ ಹಕ್ಕು ನನಗೆ ಉಳಿದವರಿಗಿಂತ ಒಂದು ತುತ್ತು ಹೆಚ್ಚೇ ಇದೆ.

ಬೇಸಿಗೆಯ ಬಿಸಿಲು ಐವತ್ತು ಡಿಗ್ರಿ ದಾಟಿದ ಕಾಲ ಅದು. ಮನೆಮನೆಗೆ ತಂಪಿನ ಕೊಳವೆ ಬಂದಿತ್ತು. ಊರ ಹೊರಗಿನ ಸ್ಥಾವರದಲ್ಲಿ ತಣ್ಣಗಾದ ನೀರು ಗೋಡೆಗಳೊಳಗೆ ಸುತ್ತಿ, ಮನೆಯ ಬಿಸಿ ಹೊತ್ತು ಹಿಂದಿರುಗುತ್ತಿತ್ತು. ಎಲ್ಲರಿಗೂ ಸಾಲುವಷ್ಟು ತಂಪು ಇರಲಿಲ್ಲ, ಅದಕ್ಕೊಂದು ನಿಯಮ ಮಾಡಿದರು: ಮಾಳಿಗೆಯ ಮೇಲೆ ತೋಟ ಇದ್ದವರಿಗೆ ಕೊಳವೆ, ಇಲ್ಲದವರಿಗೆ ಬೀಸಣಿಗೆ. ಹತ್ತು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತೂವರೆಗೆ ಉಪಗ್ರಹ ಊರ ಮೇಲೆ ಹಾಯುತ್ತಿತ್ತು. ನಮ್ಮ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಒಂದೊಂದು ಮನೆಗೂ ಒಂದೊಂದು ಚೌಕ. ಚೌಕ ಹಸಿರಾದರೆ ಸರಿ. ಕೆಂಪಾದರೆ ಮೂರನೆಯ ದಿನ ಆ ಮನೆಯ ಕೊಳವೆ ತನ್ನಷ್ಟಕ್ಕೇ ಬಂದ್ ಆಗುತ್ತಿತ್ತು.

ಜನ ಬರೀ ಮಾಳಿಗೆಯ ಮೇಲೆ ತೋಟ ಎಲ್ಲಿಂದ ತರಬೇಕು? ಅದಕ್ಕೆ ಬೇರುಹಾಸು ಇತ್ತು. ಅಣಬೆಯ ಎಳೆ, ಹುಲ್ಲಿನ ಬೇರು ಸೇರಿಸಿ ಪ್ರಯೋಗಾಲಯದಲ್ಲಿ ಹೆಣೆದು, ಕಂಬಳಿಯಂತೆ ಸುತ್ತಿ ಮನೆಗೆ ಕಳಿಸುತ್ತಿದ್ದರು. ಹಾಸಿ ನೀರು ಚಿಮುಕಿಸಿದರೆ ಅದಕ್ಕೆ ಎಚ್ಚರವಾಗುತ್ತದೆ. ಜೊತೆಗೆ ಕೊಟ್ಟ ಕಟ್ಟಿಗೆಯ ಹೊಟ್ಟನ್ನು ತಿಂದು, ಇಪ್ಪತ್ತು ದಿನದಲ್ಲಿ ಅರ್ಧ ಗೇಣು ಕಪ್ಪು ಮಣ್ಣು ಮಾಡುತ್ತದೆ. ನಿಜ ಹೇಳಬೇಕೆಂದರೆ ಅದು ಸೋಜಿಗದ ವಸ್ತುವೇ. ಅದನ್ನು ಕಂಡುಹಿಡಿದವರು ಯಾರೋ ಬುದ್ಧಿವಂತರು, ಹಂಚಲು ಬಂದವರು ಮಾತ್ರ ನಮ್ಮ ನಿರ್ದೇಶಕ ಸುಧನ್ವ. ಈ ಮಹಾಶಯ ಸಿಮೆಂಟಿನ ಊರಲ್ಲಿ ಹುಟ್ಟಿ, ಸಿಮೆಂಟಿನ ಹಲಗೆಯ ಮೇಲೆ ಹಾಸನ್ನು ಪರೀಕ್ಷಿಸಿ, ಜಗತ್ತಿನ ಛಾವಣಿಯೆಲ್ಲ ಸಿಮೆಂಟಿನದೇ ಎಂದು ನಂಬಿ ಬಂದಿದ್ದರು.

ಹಳೇ ಪೇಟೆಯ ಮನೆಗಳು ಸಿಮೆಂಟಿನವಲ್ಲ. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮಾಳಿಗೆ ಮನೆಗಳು ಅವು. ಕೆಳಗೆ ಬೇವಿನ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಹಳ್ಳದ ದಂಡೆಯಿಂದ ತಂದ ಬಿಳಿ ಸವಳುಮಣ್ಣು. ಆ ಉಪ್ಪುಮಣ್ಣಿನೊಳಗೆ ನೀರೂ ಇಳಿಯುವುದಿಲ್ಲ, ಹುಲ್ಲೂ ಹುಟ್ಟುವುದಿಲ್ಲ. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಹೊಸದಾಗಿ ಅದನ್ನು ಹೊದಿಸಿ, ಹಲಗೆಯಿಂದ ಬಡಿದು ಕೂಡಿಸಬೇಕು. ಈ ಕೆಲಸವನ್ನೇ ಮಾಡಿ ನಮ್ಮಪ್ಪ ಬಸಲಿಂಗಪ್ಪ ನನ್ನನ್ನೂ ನನ್ನ ಅಕ್ಕನನ್ನೂ ಸಾಕಿದ. ಮಾಳಿಗೆಯ ಮೇಲೆ ಹುಲ್ಲಿನ ಎಸಳು ಕಂಡರೆ ಉಣ್ಣುವ ತಾಟು ಬಿಟ್ಟೆದ್ದು ಕಿತ್ತು ಬರಬೇಕು ಎನ್ನುತ್ತಿದ್ದ. ಕಾಲೇಜಿನಲ್ಲಿ ಅಪ್ಪನ ಕೆಲಸ ಏನು ಎಂದು ಕೇಳಿದರೆ ನಾನು ಕಟ್ಟಡ ಕಾಂಟ್ರಾಕ್ಟರ್ ಎಂದು ಬೊಗಳುತ್ತಿದ್ದೆ. ನನ್ನ ಯೋಗ್ಯತೆ ಅಷ್ಟು.

ಪ್ರಾಧಿಕಾರದ ಆದೇಶ ಬಂದಾಗ ಸವಳುಮಣ್ಣನ್ನು ಕೆರೆದು ತೆಗೆಯಬೇಕು ಎಂದಿತ್ತು, ಉಪ್ಪಿನಲ್ಲಿ ಬೇರುಹಾಸು ಸಾಯುತ್ತದೆಂಬ ಕಾರಣಕ್ಕೆ. ನನ್ನ ಅಕ್ಕ ಕಾಶವ್ವ ಹಳೇ ಪೇಟೆಯ ಮಗ್ಗದ ಓಣಿಯಲ್ಲಿದ್ದಳು. ಅವಳ ಗಂಡ ಈರಪ್ಪ ನಲವತ್ತು ವರ್ಷ ಕುಪ್ಪಸದ ಖಣ ನೇಯ್ದು ಎದೆಗೂಡಿನ ತುಂಬ ಅರಳೆ ತುಂಬಿಕೊಂಡು ಮಂಚ ಹಿಡಿದಿದ್ದ. ಮನೆಯೊಳಗಿನ ಬಿಸಿ ನಲವತ್ತು ದಾಟಿದರೆ ಅವನಿಗೆ ಉಸಿರು ಸಿಕ್ಕುತ್ತಿರಲಿಲ್ಲ. ತಂಪಿನ ಕೊಳವೆ ಬಿಟ್ಟರೆ ಬೇರೆ ಔಷಧಿ ಇಲ್ಲ ಎಂದು ಡಾಕ್ಟರರು ಕೈ ಚೆಲ್ಲಿದ್ದರು.

ಕಾಶವ್ವ ಮೊದಲು ಒಪ್ಪಲಿಲ್ಲ. ಅಪ್ಪ ಹಾಕಿದ ಮಣ್ಣು, ಹೇಗೆ ತೆಗೆಯಲಿ ಎಂದಳು. ಅಪ್ಪನ ಕಾಲ ಅಪ್ಪನ ಜೊತೆಗೇ ಹೋಯಿತು ಎಂದು ನಾನೇ ಬಾಯಿ ಮುಚ್ಚಿಸಿದೆ. ಆಫೀಸಿನ ತಂಗಿ ಹೇಳಿದ ಮೇಲೆ ಮುಗಿಯಿತಲ್ಲ. ಒಂದು ಭಾನುವಾರ ಇಬ್ಬರೂ ಮೇಲೆ ಹತ್ತಿ, ಸಲಿಕೆಯಿಂದ ಸವಳುಮಣ್ಣು ಕೆರೆದು, ಬುಟ್ಟಿ ತುಂಬಿ ಕೆಳಗಿಳಿಸಿ ಹಿತ್ತಲಲ್ಲಿ ರಾಶಿ ಹಾಕಿದೆವು. ದಾರ ಹಿಡಿದು ಮಟ್ಟ ನೋಡಿದೆವು, ನೀರು ಹರಿಯುವ ಬಾಯಿಗೆ ಜಾಳಿಗೆ ಕಟ್ಟಿದೆವು, ಹಾಸು ಬಿಚ್ಚಿ ಹಾಸಿ ಹೊಟ್ಟು ಉದುರಿಸಿದೆವು. ತಿಂಗಳು ತುಂಬುವಷ್ಟರಲ್ಲಿ ಕಪ್ಪು ಮಣ್ಣು ಬಂತು. ಕಾಶವ್ವ ಅದರಲ್ಲಿ ಮೆಂತ್ಯ, ಹಕ್ಕರಕಿ ಸೊಪ್ಪು, ಬದನೆ ಊರಿದಳು. ಕುಂಬಿಯ ಗೋಡೆಗುಂಟ ಅವರೆ ಬಳ್ಳಿ ಬಿಟ್ಟಳು. ಮೊದಲ ಬದನೆಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಕಚೇರಿಯ ತನಕ ನಡೆದು ಬಂದು ಕೊಟ್ಟು ಹೋದಳು. ಅವಳ ಮುಖದಲ್ಲಿ ಅಂಥ ಸಂತೋಷ ಕಂಡು ಎಷ್ಟೋ ವರ್ಷವಾಗಿತ್ತು.

ಇತ್ತ ನಿಯಂತ್ರಣ ಕೊಠಡಿಯಲ್ಲಿ ನನಗೊಂದು ಸಂಶಯ ಹತ್ತಿತು. ಮಗ್ಗದ ಓಣಿಯ ಇಪ್ಪತ್ತೆರಡು ಮನೆಗಳಲ್ಲಿ ಹಾಸು ತೆಗೆದುಕೊಂಡದ್ದು ಕಾಶವ್ವ ಒಬ್ಬಳೇ. ಉಳಿದವರು ಸ್ವಂತ ಬೀಜದ ತೋಟ ಎಂದು ಬರೆಸಿದ್ದರು. ಉಪಗ್ರಹ ಹಾಯುವ ದಿನ ಓಣಿಯೆಲ್ಲ ಹಸಿರು. ಆದರೆ ನಡುವೆ ಒಂದು ದಿನ ಬೇರೆ ಇಲಾಖೆಯ ವಿಮಾನ ತೆಗೆದ ಚಿತ್ರ ನೋಡಿದರೆ ಕಾಶವ್ವನ ಮಾಳಿಗೆಯೊಂದೇ ಹಸಿರು, ಉಳಿದದ್ದೆಲ್ಲ ಬೆಳ್ಳಗೆ ಬೋಳು. ಸುಧನ್ವ ಸಾಹೇಬರಿಗೆ ಇದು ಕಾಣಲಿಲ್ಲ. ಅವರಿಗೆ ಹಸಿರು ಕಂಡರೆ ಸಾಕು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಳ್ಳರನ್ನು ಹಿಡಿಯುವ ಹುಮ್ಮಸ್ಸಿನಲ್ಲಿ ನಾನು ಮುಂದಿನ ಸರದಿಯ ಹಿಂದಿನ ದಿನ ಓಣಿಗೆ ಹೋದೆ.

ಕಾಶವ್ವನ ಪಕ್ಕದ ಮನೆ ತಂಗೆವ್ವನದು. ಅವಳ ಮಾಳಿಗೆ ಹತ್ತಿದರೆ ಏನಿದೆ? ಮೊರ, ಪರಾತ, ಹಳೇ ತಗಡು, ಎಲ್ಲದರಲ್ಲೂ ಬೆರಳುದ್ದ ಗೋಧಿಸಸಿ. ನವರಾತ್ರಿಯ ಘಟಸ್ಥಾಪನೆಯಲ್ಲಿ ದೇವಿಯ ಮುಂದೆ ಒಂಬತ್ತು ದಿನ ಬೆಳೆಸುತ್ತೇವಲ್ಲ, ಅದೇ ಸಸಿ. ಒಂಬತ್ತು ದಿನಕ್ಕೆ ಮೊರದ ತುಂಬ ಹಸಿರು, ಹತ್ತನೆಯ ದಿನ ಉಪಗ್ರಹ, ಹನ್ನೊಂದನೆಯ ದಿನ ಎಮ್ಮೆಯ ಬಾಯಿಗೆ. ಕೆಳಗೆ ಸವಳುಮಣ್ಣು ಇದ್ದಲ್ಲೇ ಇತ್ತು. ಕೋಟಿ ಕೋಟಿ ಸುರಿದು ಹಾರಿಸಿದ ಯಂತ್ರಕ್ಕೆ ಈ ಓಣಿಯ ಹೆಂಗಸರು ಮೊರದಲ್ಲಿ ಮಂಗಳಾರತಿ ಎತ್ತುತ್ತಿದ್ದರು. ನನಗೆ ಮೈ ಉರಿಯಿತು. ನಿಮ್ಮಂಥವರಿಂದಲೇ ಊರು ಕೆಟ್ಟದ್ದು, ಎಲ್ಲರ ಕೊಳವೆ ಬಂದ್ ಮಾಡಿಸುತ್ತೇನೆ ಎಂದು ಕೂಗಾಡಿದೆ. ತಂಗೆವ್ವ ಸಸಿಗೆ ನೀರು ಹನಿಸುವುದನ್ನು ನಿಲ್ಲಿಸಲೂ ಇಲ್ಲ.

"ಒಂಬತ್ತ ದಿನ ದೇವ್ರ ಮುಂದ ಇಟ್ರ ಭಕ್ತಿ," ಎಂದಳು, "ಮಾಳಿಗಿ ಮ್ಯಾಲ ಇಟ್ರ ಕಳುವು ಏನವ್ವ?"

ಅವಳಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡು ಕುಂಬಿ ದಾಟಿ ಅಕ್ಕನ ಮಾಳಿಗೆಗೆ ಬಂದೆ. ಕಾಲ ಕೆಳಗೆ ನೆಲ ಮೆತ್ತಗೆ ಕುಸಿದಂತಾಯಿತು. ಒಳ್ಳೆಯ ಮಣ್ಣು ಎಂದು ಹೆಮ್ಮೆಪಟ್ಟು ಕೆಳಗಿಳಿದೆ.

ಕೆಳಗೆ ಈರಪ್ಪ ಗಂಜಿಯ ಬಟ್ಟಲು ಹಿಡಿದು ಕೂತಿದ್ದ. ಗಂಜಿಯ ಮೇಲೆ ಹಳದಿ ಹುಡಿ ತೇಲುತ್ತಿತ್ತು. ಅದು ಎರಡು ವಾರದಿಂದ ಬೀಳುತ್ತಿದೆಯೆಂದೂ, ಮೊದಲು ಏಳನೆಯ ಜಂತಿಯಿಂದ, ಈಗ ಐದರಿಂದ ಒಂಬತ್ತರ ತನಕ ಎಂದೂ ಅವನು ಹೇಳಿದ. ನಲವತ್ತು ವರ್ಷ ಮಗ್ಗದ ಮುಂದೆ ಕೂತು ಒಂದು ಎಳೆ ಹರಿದರೆ ಗುರುತಿಸಿದ ಕಣ್ಣು ಅದು. ಮಂಚದ ಮೇಲೆ ಅಂಗಾತ ಮಲಗಿ ಹದಿನೇಳು ಜಂತಿಗಳನ್ನು ದಿನವೂ ಎಣಿಸುತ್ತಿತ್ತು. ಕಾಶವ್ವ ಗೆದ್ದಲು ಎಂದು ಸೀಮೆಎಣ್ಣೆ ಹಚ್ಚಿದ್ದಳು. ನಾನು ನಿಚ್ಚಣಿಕೆ ಹಾಕಿ ಹತ್ತಿ ಏಳನೆಯ ಜಂತಿಗೆ ಚಾಕು ಚುಚ್ಚಿದೆ. ಬೇಯಿಸಿದ ಗೆಣಸಿಗೆ ಇಳಿದಂತೆ ಹಿಡಿಯ ತನಕ ಇಳಿಯಿತು. ಚಾಕು ಎಳೆದರೆ ಅದಕ್ಕೆ ಬಿಳಿ ಎಳೆಗಳು ಅಂಟಿಕೊಂಡಿದ್ದವು. ಅವು ನಮ್ಮ ಬೇರುಹಾಸಿನ ಎಳೆಗಳೇ.

ಆ ಚೂರನ್ನು ಪ್ರಯೋಗಾಲಯಕ್ಕೆ ಒಯ್ದೆ. ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೊಟ್ಟ ಹೊಟ್ಟು ಮುಗಿದ ಮೇಲೆ ಬೇರುಹಾಸಿಗೆ ಹಸಿವು. ಸಿಮೆಂಟಿನ ಮೇಲಾದರೆ ಸುಮ್ಮನೆ ನಿದ್ದೆ ಹೋಗುತ್ತದೆ. ಇಲ್ಲಿ ಒಂದು ಮೊಳ ಕೆಳಗೆ ನೂರು ವರ್ಷದ ಒಣ ಬೇವು ಕಾದಿದೆ. ನಡುವೆ ಇದ್ದ ಕಾವಲುಗಾರನೆಂದರೆ ಸವಳುಮಣ್ಣು ಒಂದೇ, ಅದನ್ನು ನಾನೇ ಕೆರೆದು ಹಿತ್ತಲಿಗೆ ಎಸೆದಿದ್ದೆ. ಗಾಜಿನ ತಟ್ಟೆಯಲ್ಲಿ ಹಾಸಿನ ಎಳೆಗಳ ಮೇಲೆ ಚಿಟಿಕೆ ಸವಳುಮಣ್ಣು ಉದುರಿಸಿದೆ. ನೋಡನೋಡುತ್ತ ಎಳೆಗಳು ಮುದುಡಿ ಕಂದಾದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಅದು ನನಗೇ ಹೇಳಿ ಮಾಡಿಸಿದ ಮಾತು.

ಸುಧನ್ವ ಸಾಹೇಬರ ಮೇಜಿನ ಮೇಲೆ ತಟ್ಟೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ, ಬೆರಳ ತುದಿಯಿಂದ ಕಾಗದದಂಚಿಗೆ ಸರಿಸಿದರು. ನಮ್ಮ ಹಾಸು ಮರ ತಿನ್ನುವುದಿಲ್ಲ, ಕೈಪಿಡಿ ಓದಿ ಎಂದರು. ಅದೇ ಕೈಪಿಡಿಯಲ್ಲಿ ಕಟ್ಟಿಗೆಯ ಹೊಟ್ಟು ಹಾಕಬೇಕೆಂದಿದೆ ಎಂದೆ. ಹೊಟ್ಟು ಬೇರೆ, ಮರ ಬೇರೆ ಎಂದರು. ಹಿಟ್ಟು ಉಂಡವನು ರೊಟ್ಟಿ ಮುಟ್ಟುವುದಿಲ್ಲ ಎಂದಂತಾಯಿತು. ಇದರ ಮೇಲೆ ಆ ವರ್ಷ ನಮ್ಮ ಪ್ರಾಧಿಕಾರಕ್ಕೆ ಹಸಿರು ಕಳಶ ಎಂಬ ಪ್ರಶಸ್ತಿ ಬರುವುದಿತ್ತು. ಅಂಥ ಹೊತ್ತಿನಲ್ಲಿ ಇಂಥ ಮಾತು ಆಡಬಾರದಂತೆ. ಹಳೇ ಪೇಟೆಯಲ್ಲಿ ಇನ್ನೂ ಮುನ್ನೂರು ಮರದ ಮಾಳಿಗೆಗೆ ಹಾಸು ಹಾಕಿದ್ದೇವೆ ಸರ್, ಕೆಳಗೆ ಜನ ಮಲಗುತ್ತಾರೆ ಎಂದೆ. ಅವರು ಗಡಿಯಾರ ನೋಡಿದರು.

"ಹಾಸು ತೆಗೆದರೆ ಚೌಕ ಕೆಂಪಾಗುತ್ತೆ, ಕೆಂಪಾದರೆ ಕೊಳವೆ ನಿಲ್ಲುತ್ತೆ. ನಿಮ್ಮ ಅಕ್ಕ ಅಂತ ನಿಯಮ ಬದಲಾಯಿಸೋಕೆ ಆಗುತ್ತಾ ಮೇಡಂ?"

ಕೋಣನ ಮುಂದೆ ಕಿನ್ನರಿ ಬಾರಿಸಿ ಬಂದಂತಾಯಿತು. ಕೋಣಕ್ಕೆ ಅವಮಾನ ಮಾಡುವ ಉದ್ದೇಶ ನನಗಿಲ್ಲ. ಹಾಸನ್ನು ಹಾಗೇ ಬಿಟ್ಟರೆ ಮಾಳಿಗೆ ಈರಪ್ಪನ ಎದೆಯ ಮೇಲೆ ಬೀಳುತ್ತದೆ. ತೆಗೆದರೆ ಕೊಳವೆ ನಿಂತು ಅದೇ ಎದೆ ತಾನಾಗಿ ನಿಲ್ಲುತ್ತದೆ. ಉಪಗ್ರಹ ಮರುದಿನ ಹತ್ತೂವರೆಗೆ ಬರುವುದಿತ್ತು. ಸಸಿ ಬೆಳೆಯಲು ಒಂಬತ್ತು ದಿನ ಬೇಕು, ನನಗಿದ್ದದ್ದು ಒಂದು ಸಂಜೆ ಮತ್ತು ಒಂದು ಬೆಳಗು. ಇನ್ನು ಹೋಗಬೇಕಾದ ಜಾಗ ಒಂದೇ ಉಳಿದಿತ್ತು, ಅದು ಬೆಳಿಗ್ಗೆಯಷ್ಟೇ ನಾನು ಉಗಿದು ಬಂದ ಜಾಗ.

ತಂಗೆವ್ವನ ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಅವಳು ಬೈದಳು. ಚೆನ್ನಾಗಿ, ಸಾವಕಾಶವಾಗಿ, ಓಣಿಯವರೆಲ್ಲ ಹೊರಬಂದು ಕೇಳುವಂತೆ ಬೈದಳು. ಅಷ್ಟು ಓದಿ ಅಕ್ಕನ ಮನೆಗೆ ಹುಳ ಬಿಟ್ಟೆಯಲ್ಲ ಎಂದಳು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಹಾಗಾಗಿ ತಲೆ ತಗ್ಗಿಸಿ ನಿಂತಿದ್ದೆ. ಕಡೆಗೆ ಅವಳು ದನಿ ಇಳಿಸಿದಳು.

"ನಿಮ್ಮಪ್ಪ ಹಾಕಿದ ಮಣ್ಣ ಅದು ನೀಲೂ. ಅದನ್ನ ಕೆರೀಬಾರ್ದು ಅಂತ ನಾವು ಕಳ್ಳರಾಗೀವಿ. ನೀ ಕೆರದು ಸಾವ್ಕಾರ್ತಿ ಆದಿ."

ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ. ತಂಗೆವ್ವ ಅದಕ್ಕೆ ಬೆಲೆ ಕೊಡದೆ ಮೊರಗಳನ್ನು ಎಣಿಸತೊಡಗಿದಳು. ಪ್ರತಿ ಮನೆಯಿಂದ ಮೂರು ಮೂರು ತೆಗೆದು, ಉಳಿದದ್ದನ್ನು ಅಗಲಿಸಿ ಇಟ್ಟರೆ ಅವರ ಚೌಕಗಳೂ ಹಸಿರಾಗಿಯೇ ಉಳಿಯುತ್ತವೆಂದು ಲೆಕ್ಕ ಹಾಕಿದಳು. ನಮ್ಮ ಕೊಠಡಿಯಲ್ಲಿ ಚೌಕಕ್ಕೆ ನೂರರಲ್ಲಿ ಅರವತ್ತು ಅಂಶ ಹಸಿರು ಸಾಕು ಎಂಬ ಗುಟ್ಟು ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎರಡು ಸಲ ಕೆಂಪಾಗಿ ಕಲಿತೆವು ಎಂದಳು. ನಮ್ಮಲ್ಲಿ ಹನ್ನೊಂದು ಜನ ಸಂಬಳ ತೆಗೆದುಕೊಂಡು ಮಾಡುವ ಸಂಶೋಧನೆಗಿಂತ ಇದು ಮೇಲಾಗಿತ್ತು.

ಆ ಸಂಜೆ ಓಣಿಯ ಗಂಡಸರು ಈರಪ್ಪನ ಹಳೇ ಮಗ್ಗ ಬಿಚ್ಚಿ, ಅದರ ಕಂಬಗಳನ್ನು ಮೆತ್ತಗಾದ ಜಂತಿಗಳ ಕೆಳಗೆ ಆಸರೆ ಕೊಟ್ಟರು. ಈರಪ್ಪ ಮಲಗಿದಲ್ಲಿಂದಲೇ ಯಾವ ಕಂಬ ಯಾವುದಕ್ಕೆ ಎಂದು ಹೇಳುತ್ತಿದ್ದ. ಬೆಳಗಾಗುತ್ತಲೇ ಹಗುರ ಮೈಯ ಹೆಂಗಸರು ಮಾತ್ರ ಹಲಗೆ ಹಾಸಿಕೊಂಡು ಮೇಲೆ ಹೋದೆವು. ಕಾಶವ್ವ ಬದನೆ ಗಿಡಗಳನ್ನು ತಾನೇ ಕಿತ್ತಳು, ಬೇರೆಯವರಿಗೆ ಮುಟ್ಟಗೊಡಲಿಲ್ಲ. ಕಾಯಿ ತುಂಬಿದ ಗಿಡಗಳು. ಕಪ್ಪು ಮಣ್ಣನ್ನು ಹಾಸಿನ ಸಮೇತ ಸುರುಳಿ ಸುತ್ತಿ ಕೆಳಗೆ ಉರುಳಿಸಿದೆವು. ಹಿತ್ತಲ ರಾಶಿಯಿಂದ ಸವಳುಮಣ್ಣು ಬುಟ್ಟಿ ಬುಟ್ಟಿಯಾಗಿ ಮೇಲೆ ಬಂತು. ಅಪ್ಪನ ಬಡಿಯುವ ಹಲಗೆ ಕಾಶವ್ವನ ಅಟ್ಟದಲ್ಲೇ ಇತ್ತು. ಅದನ್ನು ನಾನು ಜನ್ಮದಲ್ಲಿ ಮೊದಲ ಸಲ ಕೈಯಲ್ಲಿ ಹಿಡಿದು ಬಡಿದೆ. ಹತ್ತೂಕಾಲಿಗೆ ಅರವತ್ತಮೂರು ಮೊರ, ಪರಾತಗಳು ಬಿಳಿ ಮಣ್ಣಿನ ಮೇಲೆ ಒತ್ತೊತ್ತಾಗಿ ಕೂತವು.

ನಾನು ಮೈತುಂಬ ಮಣ್ಣು ಹೊತ್ತು ನಿಯಂತ್ರಣ ಕೊಠಡಿಗೆ ಓಡಿದೆ. ಗೋಡೆಯ ಮೇಲೆ ಚೌಕಗಳು ಒಂದೊಂದಾಗಿ ಬಣ್ಣ ತುಂಬಿಕೊಂಡವು. ಕಾಶವ್ವನದು ನೂರಕ್ಕೆ ತೊಂಬತ್ತನಾಲ್ಕು. ಊರಿನಲ್ಲೇ ಅತಿ ಹಸಿರು ಮಾಳಿಗೆ. ಸುಧನ್ವ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೋಡಿದಿರಾ ಮೇಡಂ, ನಿಮ್ಮ ಅಕ್ಕನ ಮನೆಯೇ ನಮ್ಮ ಬೇರುಹಾಸಿಗೆ ಸಾಕ್ಷಿ ಎಂದರು. ಮೇಲೆ ಥಳಕು, ಒಳಗೆ ಹುಳಕು ಎಂಬ ಮಾತನ್ನು ನುಂಗಿಕೊಂಡೆ.

ಆಮೇಲಿನ ನಲವತ್ತು ದಿನ ನಾನು ಒಂದೇ ಟಿಪ್ಪಣಿಯನ್ನು ಐದು ಸಲ ಮೇಲೆ ಕಳಿಸಿದೆ. ಮರದ ಮಾಳಿಗೆಗಳಿಂದ ಹಾಸು ತೆಗೆಯಬೇಕು, ಸವಳುಮಣ್ಣು ಮರಳಿ ಹಾಕಬೇಕು, ಅವರ ಕೊಳವೆ ನಿಲ್ಲಿಸಬಾರದು, ಇಷ್ಟೇ. ಐದು ಸಲವೂ ಓದದೆ ಹಿಂದಿರುಗಿತು. ಅಷ್ಟರೊಳಗೆ ತಂಗೆವ್ವನ ಸಸಿ ವಿದ್ಯೆಯನ್ನು ನಾನೇ ಓಣಿ ಓಣಿ ತಿರುಗಿ ಹೇಳಿಕೊಟ್ಟೆ. ಮುನ್ನೂರರಲ್ಲಿ ಎಂಬತ್ತು ಮನೆಯವರು ನಂಬಿದರು. ಉಳಿದವರು ಆದೇಶದ ಕಾಗದ ತೋರಿಸಿ ನನ್ನನ್ನೇ ಗದರಿಸಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ಕಾಗದದ ಕೆಳಗಿನ ಎರಡನೆಯ ಸಹಿ ನನ್ನದೇ.

ಹಸಿರು ಕಳಶ ಬಂತು. ಕಳಶದ ಜೊತೆ ಕ್ಯಾಮೆರಾದವರೂ ಬಂದರು. ಅತಿ ಹಸಿರು ಮಾಳಿಗೆಯ ಮೇಲೆ ನಿರ್ದೇಶಕರು ನಿಂತ ಚಿತ್ರ ಬೇಕಿತ್ತು. ಅವರು ಹೇಳದೆ ಕೇಳದೆ ಉಪಗ್ರಹದ ದಿನವೇ ಬಂದದ್ದು ಪುಣ್ಯ, ಸಸಿ ತಯಾರಿತ್ತು. ಕ್ಯಾಮೆರಾದವರು ಕೆಳಗೆ ಭಾರದ ಪೆಟ್ಟಿಗೆಗಳೊಡನೆ ಮೆಟ್ಟಿಲಲ್ಲಿ ಗುದ್ದಾಡುತ್ತಿರುವಾಗ ಸಾಹೇಬರು ಮೊದಲೇ ಮೇಲೆ ಬಂದರು. ಮೇಲೆ ನಾನು, ಕಾಶವ್ವ, ಅವರು, ಮೂವರೇ. ದಸರೆಯಲ್ಲಿ ಗಂಡಸರು ಸಸಿಯನ್ನು ಟೊಪ್ಪಿಗೆಗೆ ಸಿಕ್ಕಿಸುವುದನ್ನು ಎಲ್ಲೋ ನೋಡಿದ್ದರೆಂದು ಕಾಣುತ್ತದೆ. ಬಗ್ಗಿ ಒಂದು ಹಿಡಿ ಸಸಿ ಎಳೆದರು. ಒಂಬತ್ತು ದಿನದ ಬೇರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಹಿಡಿಯ ಜೊತೆಗೆ ಇಡೀ ಮೊರವೇ ಎದ್ದು ಬಂತು.

ಕೆಳಗೆ ಬೆಳ್ಳಗೆ, ನುಣ್ಣಗೆ, ಬಡಿದು ಕೂಡಿಸಿದ ಸವಳುಮಣ್ಣು. ಸಾಹೇಬರು ಮೊರ ಹಿಡಿದುಕೊಂಡು ಅದನ್ನೇ ನೋಡಿದರು. ಪಕ್ಕದ ಮೊರ ನೋಡಿದರು, ಆಚೆಯ ಮಾಳಿಗೆ ನೋಡಿದರು, ಓಣಿಯ ಕೊನೆಯ ತನಕ ನೋಡಿದರು. ಅವರ ಮುಖದಲ್ಲಿ ಕಳಶ ಮೆಲ್ಲಗೆ ಒಡೆಯುವುದು ನನಗೆ ಕಾಣಿಸಿತು. ಬಾಯಿ ತೆರೆದರು, ಕೂಗುತ್ತಾರೆ ಎಂದುಕೊಂಡೆ. ಕಾಶವ್ವ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ಸಾಹೇಬ್ರ, ಅದನ್ನ ಇದ್ದಲ್ಲೇ ಇಡ್ರಿ," ಎಂದಳು. "ಅದರ ಕೆಳಗ ನಮ್ಮ ಮನಿ ಐತಿ."

ಅವರು ಇಟ್ಟರು. ಆ ಮನುಷ್ಯ ಏನನ್ನಾದರೂ ಅಷ್ಟು ಜೋಪಾನವಾಗಿ ಇಟ್ಟದ್ದನ್ನು ನಾನು ಮೊದಲ ಸಲ ನೋಡಿದೆ. ಮೆಟ್ಟಿಲಲ್ಲಿ ಕ್ಯಾಮೆರಾದವರ ದನಿ ಹತ್ತಿರವಾಗುತ್ತಿತ್ತು. ನಾನು ಚೀಲದಿಂದ ಅದೇ ಟಿಪ್ಪಣಿಯ ಆರನೆಯ ಪ್ರತಿ ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ, ಕುಂಬಿಯ ಮೇಲೆ ಹಿಡಿದೆ. ಸಹಿ ಬೇಕು ಸರ್, ಇಲ್ಲದಿದ್ದರೆ ಇನ್ನೊಂದು ಮೊರ ನಾನೇ ಎತ್ತಿ ಕ್ಯಾಮೆರಾದವರಿಗೆ ತೋರಿಸುತ್ತೇನೆ ಎಂದೆ. ಅವರು ಸಹಿ ಹಾಕಿದರು, ಎಂದಿನಂತೆ ಓದದೆ. ಓದದೆ ಸಹಿ ಹಾಕುವ ಆ ಹಳೇ ಚಾಳಿಯಿಂದ ಅಂದು ಮೊದಲ ಸಲ ಊರಿಗೆ ಒಳ್ಳೆಯದಾಯಿತು. ಆಮೇಲೆ ಅವರು ಕಿವಿಗೆ ಸಸಿ ಸಿಕ್ಕಿಸಿಕೊಂಡು ಕ್ಯಾಮೆರಾದ ಮುಂದೆ ಬೇರುಹಾಸಿನ ಗುಣಗಾನ ಮಾಡಿದರು. ಒಂದು ಸಲವೂ ನಾಲಗೆ ತೊದಲಲಿಲ್ಲ.

ಸಹಿ ಬಿದ್ದು ಆದೇಶವಾದ ಆ ಟಿಪ್ಪಣಿ ಹಿಡಿದು ಮುನ್ನೂರು ಮಾಳಿಗೆಗೂ ಸವಳುಮಣ್ಣು ಹಾಕಿಸಿದೆ. ಎರಡು ಮನೆಗಳಿಗೆ ಮಾತ್ರ ತಡವಾಗಿ ಹೋದೆ. ಒಂದು ಮನೆಯಲ್ಲಿ ಮಾಳಿಗೆ ಕುಸಿದು ಎಮ್ಮೆ ಸತ್ತಿತು. ಇನ್ನೊಂದರಲ್ಲಿ ಮುದುಕಿಯೊಬ್ಬಳ ಸೊಂಟ ಮುರಿದು ಅವಳು ಮತ್ತೆ ಏಳಲಿಲ್ಲ. ಇದನ್ನು ಯಾವ ಕಳಶದ ಮೇಲೂ ಕೆತ್ತಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಅಂದು ಕ್ಯಾಮೆರಾದವರು ಹೋದ ಮೇಲೆ ನಾವಿಬ್ಬರೂ ಕೆಳಗಿಳಿದೆವು. ಈರಪ್ಪ ಮಗ್ಗದ ಕಂಬಗಳ ನಡುವೆ ಮಂಚದ ಮೇಲೆ ಅಂಗಾತ ಮಲಗಿದ್ದ. ಇಷ್ಟು ಹೊತ್ತು ಮೇಲೆ ಧಡಧಡ ಓಡಾಡಿದವರು ಯಾರು ಎಂದು ಕೇಳಿದ. ದೊಡ್ಡವರು ಬಂದಿದ್ದರು ಎಂದಳು ಕಾಶವ್ವ. ಅವನು ಒಂದನೆಯ ಜಂತಿಯಿಂದ ಹದಿನೇಳರ ತನಕ ಕಣ್ಣು ಹಾಯಿಸಿದ. ಆಮೇಲೆ ಗಂಜಿಯ ಬಟ್ಟಲನ್ನು ನನ್ನ ಕಡೆ ವಾಲಿಸಿ ತೋರಿಸಿದ.

"ಅಷ್ಟ ಮಂದಿ ಕುಣದ್ರೂ ಇವತ್ತ ಹುಡಿ ಬಿದ್ದಿಲ್ಲ ನೋಡ್," ಎಂದು ಉಣ್ಣತೊಡಗಿದ.